ಎಡಗಿವಿ ಸೋರುತ್ತಿದ್ದ ವರ್ಷ

ನಿಜಾಮರ ಆಳ್ವಿಕೆ ಮುಗಿದ ಮರುವರ್ಷ ನನಗೆ ಆರು ತುಂಬಿತ್ತು. ನಾವಿದ್ದುದು ಕಲ್ಯಾಣದಲ್ಲಿ. ಆ ಚಳಿಗಾಲ ನನಗೆ ಬಂದ ನೆಗಡಿ ವಾರದಲ್ಲಿ ಹೋಯಿತು. ಎಡಗಿವಿಯ ನೋವು ಮಾತ್ರ ಉಳಿದು, ಮೂರು ದಿನಕ್ಕೆ ಕೀವು ಸೋರತೊಡಗಿತು. ಕೀವು ಬಂದೊಡನೆ ನೋವು ನಿಂತದ್ದರಿಂದ ಮನೆಯಲ್ಲಿ ಎಲ್ಲರೂ ವಾಸಿಯಾಯಿತೆಂದೇ ತಿಳಿದರು. ಸೋರುವುದೂ ನಿಲ್ಲಲೆಂದು ಅವ್ವ ದಿನಾ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟು ಅರಳೆ ತುರುಕುತ್ತಿದ್ದಳು.

ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ ಒಂದು ದಿನ ಮೂಗು ಮುಚ್ಚಿಕೊಂಡು ಎದ್ದಳು.

"ಇಕಿ ಕಿವಿ ನಾರತದ್ರಿ, ಮಾಸ್ತರ್."

ಮಾಸ್ತರರು ನನ್ನನ್ನು ಬಾಗಿಲ ಬಳಿ ಒಬ್ಬಳನ್ನೇ ಕೂರಿಸಿದರು. ಅಲ್ಲಿಗೆ ಪಾಠ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಅವರ ತುಟಿಯನ್ನೇ ನೋಡುತ್ತಿದ್ದೆ. ಮಕ್ಕಳು ನಗುತ್ತಿದ್ದರು. ಮನೆಯಲ್ಲಿ ಕರೆದರೆ ಓಗೊಡುವುದಿಲ್ಲವೆಂದು ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. "ಸೊಕ್ಕು ಬಂದದ ನಿನಗ!" ಕೇಳಿಸುವುದಿಲ್ಲ ಎಂದು ಹೇಳಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಎಲ್ಲರಿಗೂ ಲೋಕ ಅಷ್ಟೇ ಮೆಲ್ಲಗೆ ಮಾತಾಡುತ್ತದೆ ಅಂದುಕೊಂಡಿದ್ದೆ.

ಒಂದು ಮಧ್ಯಾಹ್ನ ಓಣಿಯ ಹುಡುಗಿಯರು ಕಣ್ಣಾಮುಚ್ಚಾಲೆಗೆ ನನ್ನನ್ನೂ ಕರೆದರು. ಖುಷಿಯಿಂದ ಓಡಿಹೋಗಿ ಜೋಳದ ಕಣಕಿಯ ಬಣವೆಯ ಹಿಂದೆ, ಬಲಗಿವಿಯನ್ನು ದಂಟಿಗೆ ಒತ್ತಿಕೊಂಡು ಅಡಗಿದೆ. ಯಾರೂ ಬರಲಿಲ್ಲ. ಎಷ್ಟು ಚೆನ್ನಾಗಿ ಅಡಗಿದ್ದೇನೆಂದು ಹೆಮ್ಮೆಪಟ್ಟೆ. ಬಿಸಿಲು ಇಳಿಯಿತು. ಆಟ ಮುಗಿಯಿತೆಂದು ಅವರು ಕೂಗಿ, ತಮ್ಮ ತಮ್ಮ ಮನೆಗೆ ಹೋಗಿ ಎಷ್ಟೋ ಹೊತ್ತಾಗಿತ್ತು.

ಕೊನೆಗೆ ಅವ್ವ ಹುಡುಕಿಕೊಂಡು ಬಂದಳು. ನನ್ನ ಬೆನ್ನ ಹಿಂದೆಯೇ ನಿಂತು ಮೂರು ಸಲ ಕರೆದಳಂತೆ. ನಾನು ತಿರುಗಲಿಲ್ಲ. ಅಂದು ಅವಳು ಹೊಡೆಯಲಿಲ್ಲ. ಎದುರಿಗೆ ಬಂದು ಕುಕ್ಕರಗಾಲಲ್ಲಿ ಕೂತು, "ನಿನಗ ಕೇಳ್ಸಲ್ಲೇನವ್ವ?" ಎಂದಳು.

ಮರುದಿನವೇ ಮೋಟಾರಿನಲ್ಲಿ ಹುಮನಾಬಾದಿನ ದವಾಖಾನೆಗೆ ಹೋದೆವು. ಬಿಳಿಗಡ್ಡದ ಡಾಕ್ಟರ್ ಸಾಹೇಬರು ತಮ್ಮ ಜೇಬಿನ ಗಡಿಯಾರವನ್ನು ನನ್ನ ಬಲಗಿವಿಗೆ ಹಿಡಿದರು. ಟಿಕ್ ಟಿಕ್ ಎಂದಿತು. ಎಡಗಿವಿಗೆ ಹಿಡಿದಾಗ ಗಡಿಯಾರ ನಿಂತುಹೋಯಿತೆಂದು ಹೆದರಿ, "ನಾ ಏನೂ ಮಾಡಿಲ್ರಿ" ಎಂದೆ. ಅವರು ನಗಲಿಲ್ಲ.

"ಒಳಗಿನ ಪರದೆಗೆ ತೂತು ಬಿದ್ದದಮ್ಮ," ಎಂದು ಅವ್ವನಿಗೆ ಹೇಳಿದರು. "ಎಣ್ಣಿ ಬಿಡಬ್ಯಾಡ್ರಿ. ನೀರು ಹೋಗಬಾರದು. ಅರಳಿ ಬತ್ತಿ ಮಾಡಿ ಒರಸ್ರಿ, ಒಣಗಿರಬೇಕು."

"ನಾ ಇಕಿಗಿ ಎಷ್ಟ್ ಹೊಡದೀನ್ರಿ, ಸಾಹೇಬ್ರ," ಎಂದು ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

"ನಿಮಗ ಹ್ಯಾಂಗ ಗೊತ್ತಾಗಬೇಕು, ಬಹೆನ್?" ಎಂದರು ಅವರು.

ಮಳೆಗಾಲದ ಹೊತ್ತಿಗೆ ಕಿವಿ ಒಣಗಿತು. ಕೇಳಿಸುವುದು ಅರ್ಧ ಮಾತ್ರ ಮರಳಿತು. ನನ್ನಿಂದ ಈಗ ವಾಸನೆ ಬರುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಹುಡುಗಿಯರೆಲ್ಲ ಜೋಡಿ ಜೋಡಿಯಾಗಿಬಿಟ್ಟಿದ್ದರು. ಯಾರೂ ನನ್ನನ್ನು ದೂರ ತಳ್ಳಲಿಲ್ಲ. ಕರೆಯುವ ರೂಢಿ ಅವರಿಗೆ ತಪ್ಪಿತ್ತು, ಹೋಗಿ ಸೇರಿಕೊಳ್ಳುವ ರೂಢಿ ನನಗೆ ತಪ್ಪಿತ್ತು. ಸಂಜೆ ಕಟ್ಟೆಯ ಮೇಲೆ ಕೂತು ಅವರ ಆಟ ನೋಡುತ್ತಿದ್ದೆ. ಅವ್ವ ಒಳಗಿನಿಂದ ಬಂದು, ನನ್ನ ಬಲಕ್ಕೆ ಕೂತು, ಜೋಳ ಹಸನು ಮಾಡುತ್ತಿದ್ದಳು.