ತಾನಾಗಿಯೇ ಮಂಜೂರು

ನಾನು ಮಾಡಿದ ಆಪಿನಲ್ಲಿ ತುಂಬಿದ್ದೆಲ್ಲ ಒಮ್ಮೆಲೇ ಅಳಿಸಿಹೋಗಬಹುದಿತ್ತು. ಬೇಲಾಪುರದ ಕ್ಯಾಂಟೀನಿನ ತೆಂಗಿನಕಾಯಿ ಠಾಣೆ ಕ್ಯಾಂಟೀನಿನ ಹೆಸರಿಗೆ ಬೀಳಬಹುದಿತ್ತು. ಸೊನ್ನೆಯೊಂದು ಹೆಚ್ಚಾಗಿ ಇಡೀ ಘಣಸೋಲಿ ಪೇಟೆಗೆ ಸಾಕಾಗುವಷ್ಟು ಉದ್ದಿನಬೇಳೆ ಬಂದಿಳಿಯಬಹುದಿತ್ತು. ಧಣಿಗಳಿಗೆ ತೋರಿಸುವ ಹೊತ್ತಿಗೇ ಪರದೆ ಕಪ್ಪಾಗಬಹುದಿತ್ತು. ನನ್ನ ಕೆಲಸ ಹೋಗಿ, ನನ್ನ ಗಂಡ "ನಾನು ಮೊದಲೇ ಹೇಳಿರಲಿಲ್ವಾ" ಎನ್ನಬಹುದಿತ್ತು...

ಅಂದಿನ ನನ್ನ ಹೆದರಿಕೆಗಳ ಈ ಪಟ್ಟಿ ಮೊನ್ನೆ ಮತ್ತೆ ನೆನಪಾದದ್ದು ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲ್ ರೈಲಿನಲ್ಲಿ. ನೂಕುನುಗ್ಗಲಿನ ಲೇಡೀಸ್ ಡಬ್ಬದಲ್ಲಿ ಯಾರೋ ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡರು. ಆ ವಾಸನೆಯ ಜೊತೆ ನಮ್ಮ ಆಫೀಸಿನ ಅಕೌಂಟ್ಸ್ ಮಾಮ ನೆನಪಿಗೆ ಬಂದುಬಿಟ್ಟರು. ಎ.ಸಿ. ಒಗ್ಗದ ಅವರ ಕರ್ಚೀಫು ಯಾವಾಗಲೂ ಹಾಗೆಯೇ ಘಮ್ಮೆನ್ನುತ್ತಿತ್ತು.

ನಮ್ಮದು ಆಫೀಸುಗಳ ಕ್ಯಾಂಟೀನ್ ನಡೆಸುವ, ಉಡುಪಿಯವರ ಸಣ್ಣ ಕಂಪನಿ. ನಾನು ಟೈಪಿಂಗು, ಫೈಲಿಂಗು ಮಾಡಿಕೊಂಡಿದ್ದವಳು. ನಲವತ್ತಮೂರನೇ ವಯಸ್ಸಿನಲ್ಲಿ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮಿಂಗ್ ಕಲಿಯತೊಡಗಿದ್ದು ಧಣಿಗಳ ಕಿವಿಗೆ ಬಿತ್ತು. ಹೊರಗಿನವರನ್ನು ಕರೆಸುವ ಖರ್ಚು ಉಳಿಯಿತೆಂದು ಕಂಪನಿಯ ಬಜೆಟ್ ಆಪ್ ಮಾಡುವ ಕೆಲಸವನ್ನು ನನ್ನ ತಲೆಗೇ ಕಟ್ಟಿದರು.

ಅಲ್ಲಿಯವರೆಗೆ ಬಜೆಟ್ ಎಂದರೆ ಮಾಮನ ಮೇಜು. ಮಾರ್ಚ್ ಬಂದರೆ ಕ್ಯಾಂಟೀನುಗಳ ಮ್ಯಾನೇಜರುಗಳು ಒಬ್ಬೊಬ್ಬರಾಗಿ ಬಂದು ಅವರೆದುರು ಕೂರುತ್ತಿದ್ದರು. ಮಾಮ ಯಾರಿಗೂ ಇಲ್ಲ ಎಂದದ್ದನ್ನು ನಾನು ಕೇಳಿಲ್ಲ. ಬೇಡಿದ್ದನ್ನೆಲ್ಲ ಪೆನ್ಸಿಲಿನಲ್ಲಿ ಬರೆದುಕೊಂಡು ಚಹಾ ತರಿಸುತ್ತಿದ್ದರು.

"ಮಾಮ, ಹೊಸ ಗ್ರೈಂಡರ್ ಪಾಯಿಜೇಚ್, ಬೇಕೇ ಬೇಕು," ಎನ್ನುವನು ಬೇಲಾಪುರದ ಮ್ಯಾನೇಜರು.

"ಬರ್ದೆ ಮಾರಾಯ. ಹಳೇದಕ್ಕೆ ಎಂತ ಆಯ್ತು, ಜ್ವರವಾ?"

"ಬೆಲ್ಟ್ ಲೂಜ್ ಆಗಿದೆ..."

"ಬೆಲ್ಟ್ ಲೂಜ್ ಆದ್ರೆ ನೀನು ಹೊಸ ಪ್ಯಾಂಟ್ ತಗೊಳ್ತೀಯಾ?"

ಚಹಾ ಮುಗಿಯುವಷ್ಟರಲ್ಲಿ ಅವನೇ "ಅಳಿಸಿಬಿಡಿ ಮಾಮ" ಎನ್ನುತ್ತಿದ್ದ. ಆಮೇಲೆ ಅರ್ಧ ಗಂಟೆ ಅವನ ಮಗನ ಹತ್ತನೇ ಕ್ಲಾಸು, ಹೆಂಡತಿಯ ಶುಗರು, ಊರಿನ ಸುದ್ದಿ...

ನನ್ನ ಆಪಿನಲ್ಲಿ ಮಾಮನಿಗೆ ಎರಡು ಬಟನ್ ಇಟ್ಟೆ: ಮಂಜೂರು, ತಿರಸ್ಕಾರ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಚಾ ಕುಡಿಸುವ ಬಟನ್ ಎಲ್ಲುಂಟು ಮಾರಾಯ್ತಿ?"

ನಕ್ಕೆ. ಆದರೆ ಅವರು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುವುದನ್ನು ಕಂಡು ಚಿಂತೆ ಹತ್ತಿತು. ಬೇಡಿಕೆಗಳೆಲ್ಲ ಇವರ ಬಳಿಯೇ ರಾಶಿ ಬಿದ್ದರೆ? ಧಣಿಗಳು ಸಿಟ್ಟಾಗಿ ಈ ವಯಸ್ಸಿನಲ್ಲಿ ಮನೆಗೆ ಕಳಿಸಿದರೆ? ಅವರನ್ನು ಉಳಿಸಲೆಂದೇ ಒಂದು ಚೌಕದಲ್ಲಿ ಟಿಕ್ ಹಾಕಿದೆ: ಹೋದ ವರ್ಷದ ಅಂಕಿಯನ್ನು ಮೀರದ್ದು ತಾನಾಗಿಯೇ ಮಂಜೂರು.

ಮ್ಯಾನೇಜರುಗಳು ಚುರುಕು. ಎಲ್ಲರೂ ಹೋದ ವರ್ಷದ್ದನ್ನೇ ತುಂಬಿ ಕೈತೊಳೆದುಕೊಂಡರು. ಆ ಮಾರ್ಚಿನಲ್ಲಿ ಮಾಮ ದಿನಾ ಬೆಳಿಗ್ಗೆ ಪೆನ್ಸಿಲ್ ಚೂಪು ಮಾಡಿಕೊಂಡು ಕೂರುತ್ತಿದ್ದರು. ಎರಡನೇ ವಾರ ನನ್ನನ್ನು ಕರೆದರು.

"ಈ ಸಲ ಯಾರೂ ಬರ್ಲಿಲ್ಲ ಅಲ್ವಾ?"

"ಬರಬೇಕಂತಲೇ ಇಲ್ಲ ಮಾಮ! ಎಲ್ಲ ಮಂಜೂರಾಗಿದೆ." ಬಹುಮಾನ ಗೆದ್ದವಳ ಹಾಗೆ ಹೇಳಿದ್ದೆ.

"ಹೌದಾ... ಒಳ್ಳೇದಾಯ್ತು."

ಮೇ ತಿಂಗಳಲ್ಲಿ ಅವರು ಕೆಲಸ ಬಿಟ್ಟರು. ಯಾರೂ ಬಿಡಿಸಿದ್ದಲ್ಲ. ಮಂಡಿನೋವು, ದಿವಾ ಸ್ಟೇಷನ್ನಿನಲ್ಲಿ ಗಾಡಿ ಹತ್ತಲಾಗುವುದಿಲ್ಲ ಎಂದರು. ಮನೆಗೆ ಹೋಗಿ ಬರಬೇಕೆಂದುಕೊಂಡೆ. ಹೋಗಿ ಏನು ಮಾತಾಡುವುದು ಎಂಬ ಚಿಂತೆಯಲ್ಲೇ ಎರಡು ವರ್ಷ ಕಳೆದವು. ಆಮೇಲೆ ಆಫೀಸಿನ ಗ್ರೂಪಿನಲ್ಲಿ ಅವರು ತೀರಿಕೊಂಡ ಸುದ್ದಿ ಬಂತು, ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು...

ಈ ವರ್ಷ ಆ ಟಿಕ್ ತೆಗೆದೆ. ಬೇಡಿಕೆಗಳು ಈಗ ನನ್ನ ಹತ್ತಿರ ಬಂದು ನಿಲ್ಲುತ್ತವೆ. ನಿನ್ನೆ ಬೇಲಾಪುರದ ಮ್ಯಾನೇಜರಿಗೆ ಫೋನ್ ಮಾಡಿ, "ಒಮ್ಮೆ ಬನ್ನಿ, ಚಹಾ ಕುಡಿಯುತ್ತ ಮಾತಾಡೋಣ" ಎಂದೆ.

"ಯಾಕೆ ಅಕ್ಕ, ಆಪ್ ಬಂದ್ ಪಡ್ಲಾ ಕಾಯ್, ಕೆಟ್ಟುಹೋಯ್ತಾ?" ಎಂದು ಗಾಬರಿಯಾದ.

ಇಲ್ಲ, ಆಪ್ ಚೆನ್ನಾಗಿಯೇ ಇದೆ. ನಾನು ಹೆದರಿದ್ದು ಒಂದೂ ಆಗಲಿಲ್ಲ. ಮಾಮನ ಎದುರಿನ ಕುರ್ಚಿ ಒಂದು ಮಾರ್ಚ್ ಪೂರ್ತಿ ಖಾಲಿ ಇತ್ತು, ಅಷ್ಟೇ.