ಮೇಡಂ ನಂಬದ ಪರದೆ

ಬೀದರಿನಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಮೊನ್ನೆ ಬೋರ್‌ವೆಲ್ ಕೊರೆದರು. ಮೇಲೆ ಬಂದ ಬೂದು ಕೆಸರಿಗೆ ಬಣ್ಣದ ಡಬ್ಬಿಯಂಥ ಘಾಟು... ಥಟ್ಟನೆ ಮೇಡಂ ನೆನಪಾದರು.

ನಾನು ಸೇರಿದ ಖಾಸಗಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗ ಅವರ ಕೈಯಲ್ಲಿತ್ತು. ದಿನಾ ಭಾಲ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಯಾವುದನ್ನೂ ಸುಲಭಕ್ಕೆ ನಂಬುವವರಲ್ಲ. ಅವರ ತವರಿನ ಹೊಲದಲ್ಲಿ ಯಾವುದೋ ಕಾರ್ಖಾನೆಯವರು ರಾಸಾಯನಿಕದ ಡ್ರಮ್ಮುಗಳನ್ನು ಹೂತು, ಮೇಲೆ ಕೆಂಪು ಮಣ್ಣು ಹರಡಿ ಹೋಗಿದ್ದರಂತೆ. ಹುಲ್ಲು ಹಸಿರಾಗಿಯೇ ಬೆಳೆಯಿತು. ಬಾವಿಯ ನೀರಿಗೆ ಮಾತ್ರ ಇಂಥದ್ದೇ ಘಾಟು; ಅದನ್ನು ಕುಡಿದ ಎಮ್ಮೆಗಳು ಒಂದೊಂದಾಗಿ ಸತ್ತವು.

ಆಸ್ಪತ್ರೆಯ ಸಾಫ್ಟ್‌ವೇರ್ ಬಹಳ ಹಳೆಯದು. ಬರೆದವರು ಎಲ್ಲಿದ್ದಾರೋ ಯಾರಿಗೂ ಗೊತ್ತಿರಲಿಲ್ಲ. ಹೊರಗಿನ ಕಂಪನಿಯೊಂದು ಅದನ್ನು ತೆಗೆಯದೆ, ಅದರ ಮೇಲೆಯೇ ರೋಗಿಗಳ ವಿವರ ತೋರಿಸುವ ಚಂದದ ಹೊಸ ಪರದೆಗಳನ್ನು ಕೂರಿಸಿಕೊಟ್ಟಿತು. ನಮಗೆಲ್ಲ ಖುಷಿ.

‘ನಮ್ಮ ಹೊಲ ಇದ್ದಂಗೇ ಅದ ಇದು,’ ಎಂದರು ಮೇಡಂ. ‘ಕೆಳಗ ಏನ್ ಹೂತಾರೊ ನೋಡಲಾರ್ದೇ ಮ್ಯಾಲ ಮನಿ ಕಟ್ಟಲತ್ತಾರ.’

ಕೆಲವು ವಾರಗಳಲ್ಲೇ ಡಾಬಕಾ ಎಂಬ ಹಳ್ಳಿಯಿಂದ ಒಬ್ಬ ಬಸುರಿ ಬಂದಳು. ಕೌಂಟರಿನಲ್ಲಿ ಅವಳ ಅತ್ತೆ, ‘ಹಿಂದ ಇಲ್ಲೇ ಒಂದು ಸೂಜಿ ಕೊಟ್ಟಾಗ ಸೊಸಿ ಮಾರಿ ಬಾತು ಉಸಿರೇ ಕಟ್ಟಿತ್ರಿ’ ಅಂದಳು. ಪರದೆಯಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲೇ ಕೂತಿದ್ದ ಮೇಡಂ ಎದ್ದು ವಾರ್ಡಿಗೆ ಓಡಿದರು. ಸಿರಿಂಜಿನಲ್ಲಿ ಆಗಲೇ ಔಷಧಿ ತುಂಬಿತ್ತು... ನರ್ಸಿನ ಕೈ ಹಿಡಿದು ನಿಲ್ಲಿಸಿದರು.

ಹಳೆಯ ಸಾಫ್ಟ್‌ವೇರನ್ನು ಬಗೆದಾಗ ತಿಳಿಯಿತು, ಸಿರಿಂಜಿನಲ್ಲಿದ್ದದ್ದು ಅದೇ ಔಷಧಿ. ಒಂದೇ ಊರಿನ, ಒಂದೇ ಹೆಸರಿನ ಇಬ್ಬರನ್ನು ಅದು ಎಂದೋ ಒಬ್ಬರನ್ನಾಗಿ ಮಾಡಿಬಿಟ್ಟಿತ್ತು. ಹೊಸ ಪರದೆ ತೋರಿಸುತ್ತಿದ್ದುದು ಮತ್ತೊಬ್ಬಳ ವಿವರ.

ತಾಯಿ, ಮಗು ಕ್ಷೇಮವಾಗಿ ಮನೆಗೆ ಹೋದರು. ಹಳೆಯದನ್ನೆಲ್ಲ ತೆರೆದು ಪರೀಕ್ಷಿಸುವತನಕ ಈ ಪರದೆಗಳನ್ನು ಬಂದ್ ಮಾಡಿ ಎಂದು ಮೇಡಂ ಪಟ್ಟು ಹಿಡಿದರು.

‘ಹೊರಗ ಬಾಯಿ ಬಿಡಬ್ಯಾಡ್ರಿ ಮೇಡಂ,’ ಎಂದರು ಮ್ಯಾನೇಜರ್, ನಗುನಗುತ್ತಲೇ.

ಅದೇ ತಿಂಗಳು ಮೇಡಂಗೆ ಔರಾದದ ಶಾಖೆಗೆ ವರ್ಗವಾಯಿತು. ಅಲ್ಲಿ ಅವರ ಅಗತ್ಯವಿದೆಯಂತೆ. ಅಲ್ಲಿ ಕಂಪ್ಯೂಟರೇ ಇರಲಿಲ್ಲ. ಬಸ್ಸು ಬದಲಿಸಿ ಬದಲಿಸಿ ಸೋತು, ಕೆಲಸ ಬಿಟ್ಟರು. ಹೋದ ವರ್ಷ ತೀರಿಕೊಂಡರಂತೆ. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಹಳೆಯದನ್ನೆಲ್ಲ ಸ್ವಚ್ಛ ಮಾಡಿದ್ದೇವೆ ಎಂದು ಕಂಪನಿಯವರು ಹೇಳುತ್ತಾರೆ. ಸುತ್ತಲಿನವರೆಲ್ಲ ತಲೆಯಾಡಿಸುತ್ತಾರೆ. ನನಗೆ ನಂಬಿಕೆ ಬರುವುದಿಲ್ಲ... ಒಬ್ಬಳೇ ಕೂತು ಅನುಮಾನಪಡುವುದು ಬಹಳ ಕಷ್ಟ.