ವಾರ್ನಿಶ್ ಹಚ್ಚಿದ ಅಂಕಿ

ಬಾಗಲಕೋಟೆಯ ಅಂಗಡಿಗಳೆಲ್ಲ ಇನ್ನೂ ಕೈಬರಹದಲ್ಲೇ ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದ ಕಾಲವದು. ಕಿರಾಣಿ ಅಂಗಡಿಯ ತಗಡಿನ ಬೋರ್ಡು, ಖಾನಾವಳಿಯ ಗೋಡೆ, ಲಾರಿಗಳ ಹಣೆಯ ಮೇಲಿನ ದೇವರ ಹೆಸರು, ಯಾವುದನ್ನು ನೋಡಿದರೂ ಇದು ಇಂಥವರ ಕೈ ಎಂದು ಹೇಳಿಬಿಡಬಹುದಿತ್ತು. ಹಳೆಯ ಊರಿನ ಅರ್ಧ ಬೋರ್ಡುಗಳು ನಮ್ಮಪ್ಪನವು. ಅವನ ‘ಕ’ದ ಬಾಲಕ್ಕೆ ಒಂದು ಸಣ್ಣ ಕೊಂಕು ಇರುತ್ತಿತ್ತು. ಶಾಲೆಗೆ ಹೋಗುವಾಗ ಅದನ್ನು ಗೆಳತಿಯರಿಗೆ ತೋರಿಸುತ್ತ, ಆ ಅಂಗಡಿಗಳೆಲ್ಲ ನಮ್ಮವೇ ಎಂಬಂತೆ ಬೀಗುತ್ತ ನಡೆಯುತ್ತಿದ್ದೆ.

ನಮ್ಮ ಮನೆಯ ರೊಟ್ಟಿಗೂ ಟರ್ಪೆಂಟೈನ್ ವಾಸನೆ ಎಂದು ಅವರು ನನ್ನನ್ನು ಕಾಡುತ್ತಿದ್ದರು. ಸುಳ್ಳೇನಲ್ಲ. ಪಡಸಾಲೆಯ ಮಾಡದಲ್ಲಿ ಬಣ್ಣದ ಡಬ್ಬಿಗಳು, ಅದರ ಕೆಳಗೇ ಅವ್ವನ ರೊಟ್ಟಿಬುಟ್ಟಿ. ಶೇಂಗಾ ಚಟ್ನಿ, ಮೊಸರು ಹಚ್ಚಿಕೊಂಡು ತಿಂದರೂ ಹಿಂದಿನಿಂದ ಆ ವಾಸನೆ ಬಂದೇ ಬರುತ್ತಿತ್ತು. ಈಗ ಎಲ್ಲಾದರೂ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದರೆ ನನಗೆ ಹಸಿವಾಗುತ್ತದೆ.

ಎಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅಪ್ಪನ ಬಲಗೈ ನಡುಗತೊಡಗಿತು. ಮೊದಲು ಚಹಾದ ಬಸಿ ಕಟಕಟ ಎಂದಿತು. ಆಮೇಲೆ ಒಂದು ಬಟ್ಟೆ ಅಂಗಡಿಯ ಬೋರ್ಡಿನಲ್ಲಿ ಗೆರೆ ಹಾವಿನ ಹಾಗೆ ಹರಿದು, ಅಂಗಡಿಯವರು ಅದನ್ನು ತಿರುಗಿ ಕಳಿಸಿದರು. ದವಾಖಾನೆಯಲ್ಲಿ ಕೊಟ್ಟ ಔಷಧಿಯಿಂದ ನಿದ್ದೆ ಬಂತೇ ಹೊರತು ಕೈ ನಿಲ್ಲಲಿಲ್ಲ. ಎಡಗೈಯಲ್ಲಿ ಬರೆದು ನೋಡಿದ, ಅಳಿಸಿದ, ಮತ್ತೆ ಬರೆದ. ಊರಿನ ಜನ ಮಾತ್ರ ತಮ್ಮದೇ ಕಾರಣ ಕಂಡುಹಿಡಿದರು. ಮಲ್ಲಪ್ಪ ಪೇಂಟರ್ ಕುಡಿಯಲು ಕಲಿತಿದ್ದಾನೆ ಎಂದರು. ಜೀವಮಾನದಲ್ಲಿ ಒಂದು ಹನಿ ಮುಟ್ಟದವನ ಬಗ್ಗೆ ಆಡಿದ ಆ ಮಾತಿನ ಸಿಟ್ಟು ನನ್ನ ಹೊಟ್ಟೆಯಲ್ಲಿ ಇನ್ನೂ ಇದೆ.

ಕೆಲಸ ಬರುವುದು ನಿಂತಿತು. ಅಪ್ಪ ಬ್ರಶ್ಶುಗಳನ್ನು ದಿನಾಲೂ ತೊಳೆದು, ಒರೆಸಿ, ಹಾಗೇ ಇಡುತ್ತಿದ್ದ. ಅವ್ವ ಮಂದಿಯ ಮನೆಗೆ ರೊಟ್ಟಿ ಬಡಿಯಲು ಹೋಗತೊಡಗಿದಳು.

ಅಂಥದರಲ್ಲಿ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಸರ್ವೇ ಸಾಹೇಬರು ಮನೆಗೆ ಬಂದರು. ಆಲಮಟ್ಟಿಯ ಆಣೆಕಟ್ಟು ಎದ್ದು ನಿಂತರೆ ಹಳೆಯ ಊರು ನೀರಿನಡಿ ಹೋಗುತ್ತದೆ ಎಂದು ಜನ ಬಹಳ ದಿನದಿಂದ ಮಾತಾಡುತ್ತಿದ್ದರು, ಮಾತಾಡಿ ಮಾತಾಡಿ ನಂಬುವುದನ್ನೇ ಬಿಟ್ಟಿದ್ದರು. ಮುಳುಗುವ ಮನೆಗಳಿಗೆ ಗುರುತು ಹಾಕಲು ಮೈಸೂರು ಕಡೆಯಿಂದ ಬಂದಿದ್ದ ಮೆತ್ತನೆಯ ಮನುಷ್ಯ ಈ ಸಾಹೇಬರು. ಅವರ ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಒಳಗೆ ನನ್ನ ಮೊಳಕೈಯಷ್ಟು ಉದ್ದದ, ಬೂದು ಪ್ಲಾಸ್ಟಿಕ್ಕಿನ ಒಂದು ಆಟದ ಹಡಗು, ನೀರಿನಡಿ ಓಡುವ ಸಬ್‌ಮರೀನ್. ಅವರ ಮಗನಿಗೆ ಮಾವ ಪರದೇಶದಿಂದ ತಂದುಕೊಟ್ಟದ್ದಂತೆ. ಹುಡುಗ ಬಿಡಿಭಾಗಗಳನ್ನು ಅಂಟಿಸಿ ಮುಗಿಸಿದ್ದ. ಬಣ್ಣ ಹಚ್ಚುವುದು, ಅಂಕಿ ಅಂಟಿಸುವುದು ಉಳಿದಿತ್ತು. ವಾರದಲ್ಲಿ ಅವನ ಹುಟ್ಟುಹಬ್ಬ.

“ಇದನ್ನು ನೀಟಾಗಿ ಮುಗಿಸಿಕೊಡಿ,” ಎಂದರು ಸಾಹೇಬರು. “ಮುಳುಗಡೆ ಮನೆಗಳ ಗೋಡೆಗೆ ನಂಬರ್ ಬರೆಯೋಕೆ ನನಗೊಬ್ಬರು ಒಳ್ಳೆ ಕೈಯವರು ಬೇಕು. ನಿಮ್ಮ ಬಗ್ಗೆ ಒಬ್ಬೊಬ್ಬರು ಒಂದೊಂದು ಥರ ಹೇಳ್ತಾರೆ. ಇದು ನೋಡಿ ನಾನೇ ತೀರ್ಮಾನ ಮಾಡ್ತೀನಿ.”

ಅಪ್ಪ ಬಲಗೈಯನ್ನು ಹೆಗಲ ಮೇಲಿನ ವಲ್ಲಿಯ ಕೆಳಗೆ ಮುಚ್ಚಿಟ್ಟುಕೊಂಡು ಹೂಂ ಎಂದ. ಅವರು ಹೋದ ಮೇಲೆ ಅವ್ವ ಬಾಗಿಲು ಹಾಕಿದಳು. ಇಡೀ ಊರಿನ ಗೋಡೆಗಳ ಕೆಲಸ, ಸಿಕ್ಕರೆ ಒಂದು ವರ್ಷದ ಚಿಂತೆ ಕಳೆಯಿತು. ಸಿಗದಿದ್ದರೆ, ಪೇಂಟರನ ಕೈ ಹೋಯಿತು ಎಂಬುದಕ್ಕೆ ಸರಕಾರವೇ ಸಾಕ್ಷಿ ಹೇಳಿದ ಹಾಗೆ. ಆ ಗೋಡೆಗಳಲ್ಲಿ ನಮ್ಮದೂ ಒಂದು ಎಂಬುದು ಆ ಹೊತ್ತಿಗೆ ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ಬಣ್ಣವೇನೋ ಸಾಗಿತು. ಪೆಟ್ಟಿಗೆಯ ಮೇಲಿನ ಚಿತ್ರದಂತೆ ಹೊಟ್ಟೆಗೆ ಕೆಂಪು, ಬೆನ್ನಿಗೆ ಕಪ್ಪು ಬೂದು. ರೆಡ್ ಆಕ್ಸೈಡಿಗೆ ಒಂದಿಷ್ಟು ಕಪ್ಪು ಬೆರೆಸುತ್ತ, ಬಣ್ಣ ಕಲಸಲು ನಡುಗುವ ಕೈಯೇ ವಾಸಿ ಎಂದು ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ನಡುವಿನ ಗೆರೆಗೆ ಕಾಗದದ ಪಟ್ಟಿ ಅಂಟಿಸಿ, ಅಗಲದ ಜಾಗವನ್ನೆಲ್ಲ ನನ್ನಿಂದ ಹಚ್ಚಿಸಿದ. ಬ್ರಶ್ಶಿನಲ್ಲಿ ಬಣ್ಣ ಕಡಿಮೆ ಇರಬೇಕು, ಹೋದ ದಾರಿಯಲ್ಲೇ ತಿರುಗಿ ಬರಬಾರದು ಎಂದು ಕಲಿಸಿದ. ಗೆಳತಿಯರು ಹೊರಗೆ ಕುಂಟಾಟ ಆಡುತ್ತ ಕೂಗುತ್ತಿದ್ದರು. ನಾನು ಹೊರಗೆ ಹೋಗಲಿಲ್ಲ.

ಕಾಗದದ ಪಟ್ಟಿ ಬಿಚ್ಚಿದಾಗ ಗೆರೆ ಕೂದಲೆಳೆಯಷ್ಟೂ ಅತ್ತಿತ್ತ ಹೋಗಿರಲಿಲ್ಲ. ಆಮೇಲೆ ಅಂಕಿಗಳ ಸರದಿ. ಒಂದು ಹಾಳೆಯ ಮೇಲೆ ಬಿಳಿಯ ಅಂಕಿಗಳು ಮೊದಲೇ ಅಚ್ಚಾಗಿ ಬಂದಿದ್ದವು. ಹೇಗೆ ಅಂಟಿಸಬೇಕೆಂದು ಚೀಟಿಯಲ್ಲಿ ಚಿತ್ರ ಬರೆದಿದ್ದರು. ಒಂದೊಂದನ್ನೇ ಕತ್ತರಿಸಿ, ತಾಟಿನಲ್ಲಿ ನೀರು ಹಾಕಿ ಬಿಟ್ಟೆ. ಸ್ವಲ್ಪ ಹೊತ್ತಿಗೆ ಅಂಕಿ ಕಾಗದವನ್ನು ಬಿಟ್ಟು ತಾನೇ ಜಾರಿತು. ಹಾಲಿನ ಕೆನೆಯಷ್ಟು ತೆಳು. ಬೆರಳಿನಿಂದ ಮೆತ್ತಗೆ ಸರಿಸಿ ಹಡಗಿನ ಗೋಪುರದ ಎರಡೂ ಬದಿಗೆ ಕೂರಿಸಿದೆ, ಮೂರು ಅಂಕಿ ಈ ಕಡೆ, ಮೂರು ಅಂಕಿ ಆ ಕಡೆ. ಒಂದೇ ಒಂದು ನಡುಕವಿಲ್ಲ.

ಅಪ್ಪ ತಾಟಿನ ನೀರನ್ನೇ ನೋಡುತ್ತ ಕೂತಿದ್ದ. ಗಂಡಾಂತರ ಕಳೆಯಿತು ಎಂದು ಸಂತೋಷಪಡುತ್ತಾನೆ ಎಂದುಕೊಂಡಿದ್ದೆ.

“ಅಕ್ಷರ ಹಿಂಗ ನೀರಾಗ ತೇಲಿ ಬರಾಕತ್ತಿದ್ರ, ಬರಿಯಾವ ಯಾಕ ಬೇಕ ಯವ್ವಾ?” ಎಂದ.

ಆದರೂ ಕೆಲಸ ಮುಗಿದಿತ್ತಲ್ಲ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅಪ್ಪ ಅಪ್ಪಟ ಪೇಂಟರ್. ಬರೆದದ್ದರ ಮೇಲೆ ವಾರ್ನಿಶ್ ಹಚ್ಚದೆ ಅವನು ಯಾವ ಬೋರ್ಡನ್ನೂ ಮನೆಯಿಂದ ಹೊರಗೆ ಕಳಿಸಿದವನಲ್ಲ. ಬಿಸಿಲು ಮಳೆಗೆ ನಿಲ್ಲುವುದಕ್ಕೇ ವಾರ್ನಿಶ್ ಬೇಕು, ಇದಂತೂ ನೀರಿನಲ್ಲಿ ಓಡಾಡುವ ಹಡಗು ಎಂದ. ಅಗಲದ ಬ್ರಶ್ಶಿನಿಂದ ಗೋಪುರದ ಒಂದು ಬದಿಗೆ ತಾನೇ ಹಚ್ಚಿದ. ನಾವು ನೋಡುತ್ತಿದ್ದ ಹಾಗೇ ಅಂಕಿಗಳು ಮುದುಡಿದವು. ಕೆನೆ ಸುಕ್ಕುಗಟ್ಟಿದಂತೆ ಸುಕ್ಕಾಗಿ, ಅಂಚು ಎದ್ದು, ಮಧ್ಯದ ಎಂಟು ಒಂದು ಬಿಳಿಯ ಗಂಟಾಯಿತು. ಹಾಳೆಯಲ್ಲಿ ಬೇರೆ ಅಂಕಿ ಉಳಿದಿರಲಿಲ್ಲ.

ಅಪ್ಪ ಬಟ್ಟೆಯಿಂದ ಆ ಬದಿಯನ್ನು ಒರೆಸಿ ಸ್ವಚ್ಛ ಮಾಡಿದ, ಸಣ್ಣ ಬ್ರಶ್ಶು ಎತ್ತಿಕೊಂಡ, ಬಿಳಿ ಬಣ್ಣದಲ್ಲಿ ಅದ್ದಿದ. ಬ್ರಶ್ಶಿನ ತುದಿ ಹಡಗಿನ ಹತ್ತಿರ ಬಂದು ಕುಣಿಯತೊಡಗಿತು. ಮತ್ತೆ ಮತ್ತೆ ಪ್ರಯತ್ನಿಸಿ, ಮತ್ತೆ ಮತ್ತೆ ಒರೆಸಿ, ಕೊನೆಗೆ ಬ್ರಶ್ಶನ್ನು ನೆಲಕ್ಕೆ ಒಗೆದ. ನನ್ನ ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ದನಿಯಿಲ್ಲದೆ, ಗೋಡೆಯ ಕಡೆ ಮುಖ ಮಾಡಿ ಅತ್ತ.

ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದ ಅವ್ವ ಬ್ರಶ್ಶು ಎತ್ತಿ ಅವನ ಮುಂದಿಟ್ಟಳು. ಹಳೆಯ ಇಳಕಲ್ಲ ಸೀರೆಯ ದಡಿ ಹರಿದು ಒಂದು ಪಟ್ಟಿ ಮಾಡಿಕೊಂಡಳು.

“ಕೈ ನಿಂದರೂದಿಲ್ಲಂದ್ರ ಕಟ್ಟೂಣ್ರಿ,” ಎಂದಳು.

ಪಡಸಾಲೆಯ ಕಂಬಕ್ಕೆ ಅಪ್ಪನ ಮುಂಗೈಯನ್ನು ಬಿಗಿಯಾಗಿ ಸುತ್ತಿ ಕಟ್ಟಿದಳು, ಕಳ್ಳನನ್ನು ಕಟ್ಟಿದ ಹಾಗೆ. ಬೆರಳುಗಳ ನಡುವೆ ಬ್ರಶ್ಶು. ನಡುಕ ಬಹಳಷ್ಟು ಇಳಿಯಿತು. ಆದರೆ ಕಟ್ಟಿದ ಕೈ ಬರೆಯುವುದು ಹೇಗೆ? ಅವ್ವನೂ ಅದನ್ನು ಯೋಚಿಸಿರಲಿಲ್ಲ. ಅಪ್ಪ ಕಂಬಕ್ಕೆ ತಲೆ ಆನಿಸಿದ. ಆಮೇಲೆ ನನ್ನನ್ನು ಕರೆದ.

“ನೀಲಾ, ಹಡಗ ತಾ. ಬ್ರಶ್ಶ ಇಲ್ಲೇ ಇರತೈತಿ. ನೀ ಹಡಗ ನಡಸು.”

ಹಾಗೆ ಬರೆದೆವು. ಬ್ರಶ್ಶು ನಿಂತಲ್ಲೇ ನಿಂತಿತ್ತು, ಸಬ್‌ಮರೀನು ಅದರ ತುದಿಯ ಕೆಳಗೆ ಚಲಿಸಿತು. ಮೇಲೆ, ಕೆಳಗೆ, ಹೊಳ್ಳಿಸು, ಉಸಿರು ಹಿಡಿ, ಈಗ ಬಿಡು ಎಂದು ಅಪ್ಪ ಪಿಸುಗುಡುತ್ತಿದ್ದ. ಮುಳುಗಿ ಏಳುವ ಹಡಗನ್ನು ನಾನು ಗಾಳಿಯಲ್ಲಿ ಈಜಿಸುತ್ತಿದ್ದೆ. ಎಂಟು ಬಹಳ ಕಾಡಿತು. ಎರಡು ಸೊನ್ನೆಗಳು ನಡುವೆ ಕೂಡಿ ದಾಟುವ ಜಾಗದಲ್ಲಿ ಕೈ ತಡೆದರೆ ಗಂಟಾಗುತ್ತದೆ, ಅವಸರ ಮಾಡಿದರೆ ಸೊಟ್ಟಗಾಗುತ್ತದೆ. ತಪ್ಪಿದಾಗೆಲ್ಲ ಒರೆಸಿ ಮತ್ತೆ ತೊಡಗಿದೆವು. ಕೊನೆಗೆ ಆ ಕಡೆ ಅಂಟಿಸಿದ ಅಂಕಿಗಳಿಗೆ ಈ ಕಡೆಯ ಅಂಕಿಗಳು ಸರಿಗಟ್ಟಿ ನಿಂತವು. ಅವ್ವ ಕಟ್ಟು ಬಿಚ್ಚಿದಾಗ ಅಪ್ಪನ ಮುಂಗೈಯಲ್ಲಿ ದಡಿಯ ಗುರುತು ಮೂಡಿತ್ತು.

ಸಾಹೇಬರು ಹಡಗನ್ನು ತಿರುವಿ ತಿರುವಿ ನೋಡಿ, ಎರಡೂ ಕಡೆ ಒಂದೇ ಥರ ಬಂದಿದೆ ಎಂದು ಮೆಚ್ಚಿ, ಮರುವಾರವೇ ಗೋಡೆಗಳ ಕೆಲಸ ಶುರು ಮಾಡಲು ಹೇಳಿ ಹೋದರು. ಅವ್ವ ಅವತ್ತು ಸಜ್ಜಕ ಮಾಡಿದಳು. ಒಂದು ತುತ್ತು ಬಾಯಿಗಿಟ್ಟಾಗ ನನಗೆ ದಿಗಿಲಾಯಿತು.

“ಅಪ್ಪಾ, ಗ್ವಾಡಿ ಸರಿಸಾಕ ಬರೂದಿಲ್ಲಲ್ಲ?”

ಅಪ್ಪ ಬಟ್ಟಲು ಕೆಳಗಿಟ್ಟ. ತಗಡಿನಲ್ಲಿ ಅಂಕಿ ಕೊರೆದು ಅಚ್ಚು ಮಾಡಿಕೊಳ್ಳೋಣವೆಂದರೆ ಅದನ್ನು ಕೊರೆಯಲೂ ಅದೇ ಕೈ ಬೇಕು. ಕೊನೆಗೆ ನೀನೇ ಬರೆಯಬೇಕು ಎಂದ. ಹಡಗು ನಡೆಸಿದ ಕೈಗೆ ಅಂಕಿಯ ದಾರಿ ಗೊತ್ತಾಗಿದೆ, ಈಗ ಬ್ರಶ್ಶು ನಡೆಸಿದರೆ ಆಯಿತು ಎಂದ.

ಹೀಗೆ ಆ ರಜೆಯಲ್ಲಿ ನಾನು ನಮ್ಮ ಊರಿನ ಗೋಡೆಗಳಿಗೆಲ್ಲ ಮುಳುಗಡೆಯ ನಂಬರು ಬರೆದೆ. ಅಪ್ಪ ಡಬ್ಬಿ ಹಿಡಿದು, ಸುಣ್ಣದ ದಾರದಿಂದ ಗೆರೆ ಹೊಡೆದು, ಪಕ್ಕದಲ್ಲಿ ನಿಲ್ಲುತ್ತಿದ್ದ. ನಂಬರು ನೆಟ್ಟಗೆ ಬರುತ್ತಿದ್ದರಿಂದ ಸಾಹೇಬರು ಯಾರ ಕೈ ಎಂದು ಕೇಳಲಿಲ್ಲ. ಕುಂಟಾಟದ ಗೆಳತಿಯರ ಮನೆಗೆ ಬರೆದೆ. ನನಗೆ ದಿನಾ ಮಜ್ಜಿಗೆ ಕೊಡುತ್ತಿದ್ದ ಗುರವ್ವಜ್ಜಿಯ ಮನೆಗೂ ಬರೆದೆ. ಅವಳು ಕಟ್ಟೆಯ ಮೇಲೆ ಕೂತು ಕೊನೆಯ ಅಂಕಿಯ ತನಕ ನೋಡಿದಳು.

“ಅಕ್ಷರ ಚಂದ ಬರದೀಯವ್ವಾ. ಇನ್ನ ಮಜ್ಜಿಗಿಗೆ ಬರಬ್ಯಾಡ,” ಎಂದು ಒಳಗೆ ಹೋದಳು.

ಅವಳು ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅಪ್ಪ ಡಬ್ಬಿ ಎತ್ತಿಕೊಂಡು ಮುಂದಿನ ಮನೆಗೆ ನಡೆದ. ಹೊಟ್ಟೆಗೆ ಬೇರೆ ದಾರಿಯಿರಲಿಲ್ಲ.

ನಮ್ಮ ಓಣಿ ಕೊನೆಯಲ್ಲಿ ಬಂತು. ನಮ್ಮ ಮನೆಯ ಮುಂದೆ ನಿಂತು ಅಪ್ಪ ನನ್ನ ಕೈಯಿಂದ ಬ್ರಶ್ಶು ತೆಗೆದುಕೊಂಡ. ಕಟ್ಟಲು ಕಂಬವಿಲ್ಲ, ಸರಿಸಲು ಹಡಗಿಲ್ಲ. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದು, ಬಾಗಿಲ ಪಕ್ಕದ ಗೋಡೆಯ ಮೇಲೆ ತಾನೇ ಬರೆದ. ನಮ್ಮ ನಂಬರಿನಲ್ಲೂ ಒಂದು ಎಂಟು ಇತ್ತು, ಅದು ಅವನ ಹಣೆಬರಹ. ಎರಡು ಸೊನ್ನೆಗಳು ಕೂಡಲೇ ಇಲ್ಲ. ಗೆರೆಯ ತುಂಬ ನಡುಕ. ಓಣಿಗೆಲ್ಲ ಸೊಟ್ಟಗಿನ ನಂಬರೆಂದರೆ ಊರಿನ ದೊಡ್ಡ ಪೇಂಟರನ ಮನೆಯದೇ. ಬಣ್ಣ ಒಣಗುವ ತನಕ ಕಾದು, ಒಳಗಿನಿಂದ ವಾರ್ನಿಶ್ ಡಬ್ಬಿ ತಂದು, ಅದರ ಮೇಲೆ ನಿಧಾನವಾಗಿ ಹಚ್ಚಿದ. ಬೇರೆ ಯಾವ ಮನೆಯ ನಂಬರಿಗೂ ಹಚ್ಚಿರಲಿಲ್ಲ, ಸಾಹೇಬರು ಕೇಳಿಯೂ ಇರಲಿಲ್ಲ. ಮುಳುಗುವ ಮನೆಗೆ ವಾರ್ನಿಶ್ ಯಾಕೆ ಎಂದು ಅವ್ವ ಸಿಟ್ಟಾದಳು.

“ನೀರಾಗ ನಿಂದರೂದು ಅದಽ ಅಲ್ಲೇನ,” ಎಂದ ಅಪ್ಪ.

ನೀರು ಬಹಳ ತಡವಾಗಿ ಬಂತು. ಅಪ್ಪ ಅದನ್ನು ನೋಡಲು ಉಳಿಯಲಿಲ್ಲ. ಹೊಸದಾಗಿ ಕಟ್ಟಿದ ನವನಗರಕ್ಕೆ ಹೋಗುವಾಗ ಜನ ಬಾಗಿಲು, ಚೌಕಟ್ಟು, ತೊಲೆ, ಹಾಸುಗಲ್ಲು ಎಲ್ಲ ಕಿತ್ತು ಟ್ರ್ಯಾಕ್ಟರಿಗೆ ಹೇರಿದರು, ಅಪ್ಪನ ಬೋರ್ಡುಗಳನ್ನು ಗುಜರಿಗೆ ಹಾಕಿದರು. ಹೊಸ ಊರಿನಲ್ಲಿ ಗಾಡಿಗೂ ಮನೆಗೂ ಸ್ಟಿಕರು, ಅಂಗಡಿಗೆ ಫ್ಲೆಕ್ಸು. ಇದು ಯಾರ ಕೈ ಎಂದು ಯಾರೂ ಕೇಳುವುದಿಲ್ಲ, ಕೈಯೇ ಇಲ್ಲವಲ್ಲ. ಸಾಹೇಬರಿಗೆ ಯಾವಾಗಲೋ ವರ್ಗವಾಗಿ ಹಡಗೂ ಅವರ ಸಾಮಾನಿನ ಜೊತೆ ಹೋಯಿತು. ನನ್ನಪ್ಪ ಬರೆದ ಕೊನೆಯ ಚೆಂದದ ಅಂಕಿಗಳು ಎಲ್ಲೋ ಯಾರದೋ ಕಪಾಟಿನಲ್ಲಿ ಇರಬಹುದು, ಯಾವ ಬದಿಯವು ಅವನವು ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ.

ಒಂದು ಬೇಸಿಗೆ ಹಿನ್ನೀರು ಇಳಿದಾಗ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಕೆಸರು ಒಣಗಿ ಬಿರುಕು ಬಿಟ್ಟಿತ್ತು. ನಾನು ಬರೆದ ನೆಟ್ಟಗಿನ ನಂಬರುಗಳಲ್ಲಿ ಒಂದೂ ಉಳಿದಿರಲಿಲ್ಲ. ಬಾಗಿಲಿಲ್ಲದ ನಮ್ಮ ಮನೆಯ ಗೋಡೆ ಎದೆಯೆತ್ತರಕ್ಕೆ ನಿಂತಿತ್ತು. ಅವ್ವ ಸೆರಗಿನಿಂದ ಕೆಸರು ಒರೆಸಿದಳು. ಹಳದಿಗಟ್ಟಿದ ವಾರ್ನಿಶ್ಶಿನ ಕೆಳಗೆ ಆ ಎಂಟು ಹಾಗೇ ಇತ್ತು, ಕೂಡದ ಸೊನ್ನೆಗಳು, ಅಪ್ಪನ ನಡುಕ, ಎಲ್ಲ ಹಾಗೇ. ಅವ್ವ ಅದರ ಮೇಲೆ ಅಂಗೈ ಇಟ್ಟು ನಿಂತಳು.

“ಇದನ್ನ ಒಯ್ಯಾಕ ಬರತೈತೇನ?” ಎಂದು ಕೇಳಿದಳು.

“ಗ್ವಾಡಿ ಸರಿಸಾಕ ಬರೂದಿಲ್ಲ ಯವ್ವಾ,” ಎಂದೆ.

ಮರುವರ್ಷ ನೀರು ಇಳಿದಾಗ ಹೋಗಿ ನೋಡಿದೆ. ಗೋಡೆ ಇರಲಿಲ್ಲ.